ಲಾಂಛನದ ಮೂಲ ಸಂಘದ ಕೈಯಲ್ಲಿರಲಿ



ಭಿವಂಡಿಯ ವಾರ್ಷಿಕೋತ್ಸವಕ್ಕೆ ಕಟ್ಟಿದ ಹತ್ತು ಅಡಿಯ ಬ್ಯಾನರನ್ನು ತಾವೆಲ್ಲ ನೋಡಿದ್ದೀರಿ. ಸಂಘದ ಲಾಂಛನ ಮಸುಕಾಗಿ, ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿತ್ತು. ತಪ್ಪು ಮುದ್ರಕರದಲ್ಲ, ನಮ್ಮದು. ನಾವು ಕೊಟ್ಟದ್ದು ವಾಟ್ಸಾಪಿನಲ್ಲಿ ಬಂದ ಜೆಪಿಜಿ ಚಿತ್ರ.

ಮಗ್ಗದ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಾಫ್ ಕಾಗದದ ಚೌಕ ತುಂಬಿ ಬರೆದ ಹೂವನ್ನು ಹಿಗ್ಗಿಸಿದರೆ ಚೌಕಗಳೂ ಹಿಗ್ಗುತ್ತವೆ. ಜೆಪಿಜಿ, ಪಿಎನ್‌ಜಿ ಅಂಥವು. ವೆಕ್ಟರ್ ಚಿತ್ರದಲ್ಲಿ ಚೌಕವಿಲ್ಲ. ಗೆರೆ ಎಲ್ಲಿಂದ ಎಲ್ಲಿಗೆ, ಹೇಗೆ ಬಾಗಬೇಕೆಂಬ ಲೆಕ್ಕವಿರುತ್ತದೆ. ಎದೆಯ ಬಿಲ್ಲೆಗಾಗಲಿ ಬ್ಯಾನರಿಗಾಗಲಿ ಅಂಚು ಚೊಕ್ಕವಾಗಿಯೇ ಬರುತ್ತದೆ.

ಆದರೆ ಹೆಸರು ನೋಡಿ ಮೋಸಹೋಗಬಾರದು. ಜೆಪಿಜಿಯನ್ನೇ ಎಸ್‌ವಿಜಿ ಅಥವಾ ಪಿಡಿಎಫ್ ಒಳಗಿಟ್ಟು ಕೊಡುವವರೂ ಉಂಟು. ಹಳಸಿದ ಸಾಂಬಾರಿಗೆ ಹೊಸ ಪಾತ್ರೆ! ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಔಟ್‌ಲೈನ್ ನೋಟಕ್ಕೆ ಹಾಕಿರಿ. ಲಾಂಛನದ ಗೆರೆಗಳು ಕಂಡರೆ ನಿಜವಾದ ವೆಕ್ಟರ್. ಬರಿಯ ಚೌಕಟ್ಟು ಕಂಡರೆ ಅದೇ ಹಳೆಯ ಚಿತ್ರ. ಕೋರೆಲ್‌ಡ್ರಾದಲ್ಲಿ ಮಾಡಿಸಿದ್ದಾದರೆ ಕನ್ನಡ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿದ ಪ್ರತಿಯನ್ನೂ ಕೇಳಿರಿ. ಇಲ್ಲವಾದರೆ ಆ ಫಾಂಟ್ ಇಲ್ಲದ ಮುದ್ರಣಾಲಯದಲ್ಲಿ ಒತ್ತಕ್ಷರಗಳು ಚೆದುರಿ ಸಂಘದ ಹೆಸರೇ ಕೆಡುತ್ತದೆ.

ಲಾಂಛನಕ್ಕೆ ತೆತ್ತದ್ದು ಸದಸ್ಯರ ಚಂದಾ ಹಣ. ಮೂಲ ಕಡತ ಕಲಾವಿದರ ಕಂಪ್ಯೂಟರಿನಲ್ಲೇ ಉಳಿದರೆ ಪ್ರತಿ ಸಲವೂ ಅವರ ಬಾಗಿಲು ಕಾಯಬೇಕು. ಅವರೂ ದುಡಿಯುವವರೇ, ನ್ಯಾಯವಾದ ಕೂಲಿ ಕೊಡೋಣ. ಜೊತೆಗೆ ಮೂಲ ಕಡತ, ಎಸ್‌ವಿಜಿ, ಪಿಡಿಎಫ್ ಮೂರನ್ನೂ ಪರೀಕ್ಷಿಸಿ ಪಡೆಯೋಣ. ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಈ ಠರಾವು ಆಗಲೇಬೇಕು.