ಹುಳು ಮುಟ್ಟುವವರು ಯಾರು?

ನಮ್ಮ ಕಾಲೇಜಿನ ವಿಜ್ಞಾನ ಪ್ರಯೋಗಾಲಯದ ಕಪಾಟಿನಲ್ಲಿ ರೂಪಪರಿವರ್ತನೆಯ ಚಾರ್ಟುಗಳು 11 ಇವೆ. ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ನಾನೇ ಎಣಿಸಿದೆ. ರೇಷ್ಮೆ ಪತಂಗದ್ದು 5, ಕಪ್ಪೆಯದು 4, ಚಿಟ್ಟೆಯದು 2. ಹಿಂದಿನ ಬ್ಯಾಚಿನವರು ಬಿಡಿಸಿಟ್ಟು ಹೋದವು. ಕೆಲವು ಬಹಳ ಚೆನ್ನಾಗಿವೆ. ಹನ್ನೆರಡನೆಯದನ್ನು ನಾನು ಬಿಡಿಸಲಿಲ್ಲ. ಬದಲಿಗೆ, ಮನೆಯಲ್ಲಿ ಗೊಬ್ಬರಕ್ಕೆಂದು ಸಾಕುತ್ತಿದ್ದ ಹುಳುಗಳನ್ನು 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ತುಂಬಿಕೊಂಡು ಶಾಲೆಗೆ ಹೋದೆ. ಅಲ್ಲಿ ಆದದ್ದನ್ನು ಮತ್ತು ಅದರಿಂದಾಗಿ ನಮ್ಮ ಪಾಠ ವೀಕ್ಷಣೆಯ ಪದ್ಧತಿಯ ಬಗ್ಗೆ ನನಗೆ ಬಂದ ಅಭಿಪ್ರಾಯವನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಆ ಹುಳು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಲಾರ್ವಾ. ವೈಜ್ಞಾನಿಕ ಹೆಸರು ಹರ್ಮೀಷಿಯ ಇಲ್ಯೂಸೆನ್ಸ್. ಮೂಲ ಅಮೆರಿಕ ಖಂಡಗಳಾದರೂ ಈಗ ಬೆಚ್ಚಗಿನ ದೇಶಗಳಲ್ಲೆಲ್ಲ ಇದೆ, ನಮ್ಮ ಹಿತ್ತಿಲಲ್ಲೂ ಇದೆ. ಮನೆಯಲ್ಲಿ ಹಸಿ ಕಸವನ್ನು ಗೊಬ್ಬರ ಮಾಡುವವರು ಡಬ್ಬದಲ್ಲಿ ಒಂದು ದಿನ ಚಪ್ಪಟೆಯಾದ, ಗಟ್ಟಿ ಚರ್ಮದ, ಮಾಸಲು ಬಣ್ಣದ ಹುಳುಗಳನ್ನು ಕಂಡು ಗಾಬರಿಯಾಗಿ ಬಿಸಿನೀರು ಸುರಿಯುತ್ತಾರಲ್ಲ, ಬಹಳ ಸಲ ಅದು ಇದೇ. ಪ್ರೌಢ ನೊಣ ಕಪ್ಪಗೆ, ಉದ್ದಗೆ, ನೋಡಲು ಕಣಜದ ಹಾಗಿರುತ್ತದೆ. ಆದರೆ ಅದಕ್ಕೆ ಕೊಂಡಿ ಇಲ್ಲ, ಕಚ್ಚುವುದೂ ಇಲ್ಲ. ಲಾರ್ವಾ ಆಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲಿಯೇ ಅದರ ಕೊನೆಯ ದಿನಗಳು ಕಳೆಯುತ್ತವೆ. ಹಾಗಾಗಿ ಮನೆನೊಣದಂತೆ ಕಸದಿಂದೆದ್ದು ಅನ್ನದ ಮೇಲೆ ಕೂರುವ ಚಾಳಿ ಇದಕ್ಕಿಲ್ಲ. ಹೆಣ್ಣು ನೂರಾರು ಮೊಟ್ಟೆಗಳನ್ನು ಇಡುತ್ತದೆ. ಕೊಳೆಯುವ ವಸ್ತುವಿನ ಮೇಲಲ್ಲ, ಅದರ ಹತ್ತಿರದ ಒಣ ಸಂದಿಯಲ್ಲಿ. ನಾಲ್ಕೈದು ದಿನಕ್ಕೆ ಒಡೆದ ಮರಿ ಎರಡು ಮೂರು ವಾರ ಸಿಕ್ಕಿದ್ದನ್ನೆಲ್ಲ ತಿಂದು, ಕಪ್ಪಾಗಿ, ತಿನ್ನುವುದನ್ನು ನಿಲ್ಲಿಸಿ, ತಾನಾಗಿಯೇ ಒಣ ಜಾಗ ಹುಡುಕಿಕೊಂಡು ಬಕೆಟ್ಟಿನಿಂದ ಹತ್ತಿ ಹೊರಡುತ್ತದೆ. ಉಳಿಯುವುದು ಪುಡಿಪುಡಿಯಾದ ಹಿಕ್ಕೆ ಮತ್ತು ಕಳಚಿದ ಪೊರೆ. ನಮಗೆ ಬೇಕಾದ ಗೊಬ್ಬರ ಅದು.

ಸಾಕುವುದು ಸುಲಭ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಮೊದಲ ಬಕೆಟ್ಟಿನಲ್ಲಿ ಬಂದದ್ದು ಬರೀ ಮನೆನೊಣದ ಬಿಳಿ ಹುಳುಗಳು. ನೀರು ಹೆಚ್ಚಾಗಿತ್ತು, ಸಾರು ಮಜ್ಜಿಗೆ ಎಲ್ಲ ಸುರಿದಿದ್ದೆ. ವಾಸನೆ ಮಹಡಿಯ ಮೇಲಿನ ಮನೆ ಮಾಲೀಕರವರೆಗೆ ಹೋಯಿತು; ಅವರು ಬೈದದ್ದರಲ್ಲಿ ತಪ್ಪೇನಿರಲಿಲ್ಲ. ಎರಡನೆಯ ಸಲ ಬಕೆಟ್ಟಿನ ತಳಕ್ಕೆ ತೂತು ಹೊಡೆದು, ಇಟ್ಟಿಗೆಯ ಮೇಲಿಟ್ಟು, ತೆಂಗಿನ ನಾರಿನ ಪುಡಿ ಹಾಸಿ, ತರಕಾರಿ ಸಿಪ್ಪೆಯನ್ನು ತೆಳ್ಳಗೆ ಹಾಕುತ್ತ ಬಂದೆ. ಮುಚ್ಚಳದ ಕೆಳಗೆ ರಟ್ಟಿನ ತುಂಡುಗಳನ್ನು ಕಟ್ಟಿದೆ. ರಟ್ಟಿನ ಕೊಳವೆಯಂಥ ಸಂದಿಗಳಲ್ಲಿ ಎಂಟನೆಯ ದಿನ ಮೊಟ್ಟೆ ಕಂಡಿತು. ಮಾಂಸ ಮೀನು ಹಾಕಲಿಲ್ಲ.

ನಮ್ಮ ಕಡೆಯವರಿಗೆ ಮನೆಯೊಳಗೆ ಹುಳು ಸಾಕುವುದು ಹೊಸದೇ? ನನ್ನ ಅಜ್ಜಿಯ ಊರು ಶಿಡ್ಲಘಟ್ಟದ ಹತ್ತಿರ. ನಡುಮನೆಯಲ್ಲಿ ಹುಳದ ತಟ್ಟೆಗಳು, ನಾವು ಮಕ್ಕಳು ಜಗಲಿಯಲ್ಲಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ನಾವು ಜೋರಾಗಿ ಮಾತಾಡಿದರೂ ಅಜ್ಜಿ ಗದರುತ್ತಿದ್ದರು. ಆ ನಾಲ್ಕು ಜ್ವರಗಳೇ ಪುಸ್ತಕದ ನಾಲ್ಕು ಪೊರೆ ಕಳಚುವಿಕೆಗಳು ಎಂದು ನನಗೆ ಹೊಳೆದದ್ದು ಬಿಎಸ್ಸಿಗೆ ಬಂದ ಮೇಲೆ; ಅಲ್ಲಿಯವರೆಗೆ ಎರಡೂ ಬೇರೆ ಬೇರೆ ಲೋಕಗಳಾಗಿದ್ದವು. ಇನ್ನೊಂದು ವಿಷಯವೂ ಇದೆ. ಕನ್ನಡದಲ್ಲಿ ಎರೆಹುಳು, ಜಂತುಹುಳು, ರೇಷ್ಮೆಹುಳು, ಮಿಂಚುಹುಳು ಎಲ್ಲವೂ ಹುಳುವೇ. ಮೊದಲನೆಯದು ವಲಯವಂತ, ಎರಡನೆಯದು ದುಂಡುಹುಳು, ಮೂರನೆಯದು ಲಾರ್ವಾ, ನಾಲ್ಕನೆಯದು ಜೀರುಂಡೆ. ಎಂಟನೆಯ ತರಗತಿಯಲ್ಲಿ 'ಎರೆಹುಳು ಯಾವಾಗ ಚಿಟ್ಟೆ ಆಗುತ್ತೆ ಮಿಸ್?' ಎಂದು ಒಬ್ಬ ಕೇಳಿದಾಗ ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಭಾಷೆ ಅವನಿಗೆ ಕೊಟ್ಟ ಪದದಿಂದ ಅವನು ಸರಿಯಾಗಿಯೇ ಯೋಚಿಸಿದ್ದ. ಚಾರ್ಟು ತೂಗುಹಾಕಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಚಾರ್ಟಿನಲ್ಲಿ ಉತ್ತರ ಮೊದಲೇ ಇರುತ್ತದೆ.

ಇಂಟರ್ನ್‌ಶಿಪ್ಪಿನ ಎರಡನೆಯ ವಾರ ಬಕೆಟ್ಟನ್ನು ಶಾಲೆಯ ಕೈತೋಟದ ಗೋಡೆಯ ನೆರಳಿನಲ್ಲಿ ಇಟ್ಟೆವು. ಬಿಸಿಯೂಟದ ತರಕಾರಿ ಸಿಪ್ಪೆಯನ್ನು ಅಡುಗೆಯಮ್ಮ ಬೇರೆ ತೆಗೆದಿಡುತ್ತಿದ್ದರು. ಮಕ್ಕಳ ಆರು ಗುಂಪು, ದಿನಕ್ಕೊಂದು ಗುಂಪಿನ ಸರದಿ: ಸಿಪ್ಪೆ ಹಾಕುವುದು, ಕೋಲಿನಿಂದ ಕೆದಕುವುದು, ಹಿಕ್ಕೆ ಜರಡಿ ಹಿಡಿಯುವುದು, ಸೋಪಿನಿಂದ ಕೈ ತೊಳೆಯುವುದು.

ನನ್ನ ವೀಕ್ಷಣಾ ಪಾಠಕ್ಕೆ ಎರಡು ಕುಂಡಗಳನ್ನು ಸಿದ್ಧಮಾಡಿದ್ದೆ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು, ಅರ್ಧ ಅದೇ ವಾರ ಜರಡಿ ಹಿಡಿದ ಹಿಕ್ಕೆ. ಎರಡಕ್ಕೂ ಎಣಿಸಿ 20 ಮೆಂತ್ಯದ ಕಾಳು. ಪಾಠಯೋಜನೆಯ 'ನಿರೀಕ್ಷಿತ ಉತ್ತರ' ಅಂಕಣದಲ್ಲಿ 'ಗೊಬ್ಬರ ಹಾಕಿದ ಕುಂಡದಲ್ಲಿ ಸಸಿಗಳು ಹುಲುಸಾಗಿ ಬೆಳೆದಿವೆ' ಎಂದು ಬರೆದು, ಸಹಿ ಮಾಡಿಸಿಕೊಂಡೂ ಆಗಿತ್ತು. ವೀಕ್ಷಕರು ಬಂದ ದಿನ ಬರೀ ಮಣ್ಣಿನ ಕುಂಡದಲ್ಲಿ 17 ಸಸಿಗಳು ಹಸಿರಾಗಿ ನಿಂತಿದ್ದವು. ಗೊಬ್ಬರದ ಕುಂಡದಲ್ಲಿ ಎರಡು ಎದ್ದಿದ್ದವು, ಎರಡೂ ಹಳದಿಯಾಗಿ ಮಲಗಿದ್ದವು. 'ಗೊಬ್ಬರಾನೇ ಕೊಂದ್ಬಿಡ್ತಲ್ಲ ಮಿಸ್' ಎಂದು ಮುಂದಿನ ಬೆಂಚಿನವನು ಹೇಳಿದ. ನಾನು ತಡವರಿಸಿದೆ. ಗೊಬ್ಬರದ ಉಪಯೋಗಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠ ಮುಗಿಸಿದೆ. ಉದ್ದೇಶ ಸಾಧನೆಗೆ ಕಡಿಮೆ ಅಂಕ ಬಂತು. ಷರಾದಲ್ಲಿ 'ಪ್ರಯೋಗವನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕಿತ್ತು' ಎಂದಿತ್ತು. ಆ ಮಾತು ನ್ಯಾಯವೇ.

ಆದರೆ ಗಂಟೆ ಹೊಡೆದು ವೀಕ್ಷಕರು ಹೊರಟ ಮೇಲೆ, ಅಲ್ಲಿಯವರೆಗೆ ಒಮ್ಮೆಯೂ ಕೈ ಎತ್ತದ ಹಿಂದಿನ ಬೆಂಚಿನ ಹುಡುಗ ಕುಂಡದ ಹತ್ತಿರ ಬಂದ. 'ಹಸಿ ಗೊಬ್ಬರ ಸುಡ್ತದೆ ಮಿಸ್. ತಿಪ್ಪೇಲಿ ಹಾಕಿ ಕಳೀಬೇಕು. ನಮ್ಮಪ್ಪ ಹಸಿ ಸಗಣಿ ಗಿಡಕ್ಕೆ ಹಾಕಲ್ಲ' ಎಂದ. ನನಗೆ ನಾಚಿಕೆಯಾಯಿತು. ನಮ್ಮಜ್ಜಿ ರೇಷ್ಮೆಹುಳುವಿನ ಹಿಕ್ಕೆಯನ್ನು, ತಿಂದುಳಿದ ಕಡ್ಡಿಯನ್ನು ಹಿಪ್ಪುನೇರಳೆ ತೋಟಕ್ಕೆ ನೇರ ಒಯ್ದದ್ದನ್ನು ನಾನು ಕಂಡೇ ಇಲ್ಲ. ಮೊದಲು ತಿಪ್ಪೆಗುಂಡಿಗೆ, ತಿಂಗಳುಗಳ ನಂತರ ತೋಟಕ್ಕೆ. ಹೊಸ ಹಿಕ್ಕೆಯಲ್ಲಿ ಅಮೋನಿಯಾ ಮತ್ತು ಲವಣ ಹೆಚ್ಚು, ಕೊಳೆಯುವ ಕೆಲಸವೂ ಮುಗಿದಿರುವುದಿಲ್ಲ, ಬೇರಿಗೆ ಬೇಕಾದ ಆಮ್ಲಜನಕವನ್ನು ಅದೇ ಕಬಳಿಸುತ್ತದೆ. ಇದನ್ನೆಲ್ಲ ಓದಿ ಪರೀಕ್ಷೆ ಬರೆದವಳು ನಾನು. ಕುಂಡದ ಮುಂದೆ ನಿಂತು ಹೇಳಿದವನು ಅವನು.

ಮುಂದಿನ ವಾರ ಮನೆಯಲ್ಲಿ ಎರಡು ತಿಂಗಳಿಂದ ಚೀಲದಲ್ಲಿ ಬಿದ್ದಿದ್ದ ಹಳೆಯ ಹಿಕ್ಕೆಯನ್ನು ತಂದೆ. ಒಂದು ಹಿಡಿ ಸಾಕು ಎಂದುಕೊಂಡು ಮಣ್ಣಿನ ಹತ್ತನೇ ಒಂದು ಪಾಲು ಬೆರೆಸಲು ಹೊರಟಾಗ ಹುಡುಗಿಯೊಬ್ಬಳು ತಡೆದಳು. ಗೊಬ್ಬರವೂ ಹಳೆಯದು, ಅಳತೆಯೂ ಕಡಿಮೆ, ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಬೆಳೆಯಿತೆಂದು ಹೇಗೆ ಗೊತ್ತಾಗುತ್ತದೆ ಎಂದು ಅವಳ ಪ್ರಶ್ನೆ. ಚರಾಂಶದ ನಿಯಂತ್ರಣದ ಬಗ್ಗೆ ನಾನು ಬರೆದಿಟ್ಟಿದ್ದ ಪಾಠ ಇನ್ನೂ ಚೀಲದಲ್ಲೇ ಇತ್ತು. ಐದು ಕುಂಡ ಇಟ್ಟೆವು. ಹೊಸ ಹಿಕ್ಕೆ ಅರ್ಧ ಪಾಲು ಇದ್ದದ್ದು ಮತ್ತೆ ಸತ್ತಿತು. ಹೊಸದೇ ಆದರೂ ಹತ್ತನೇ ಒಂದು ಪಾಲಿದ್ದದ್ದು ಸುಮಾರಾಗಿ ಎದ್ದಿತು. ಹಳೆಯದು ಅರ್ಧ ಪಾಲಿದ್ದದ್ದು ಕುಂಟಿತು. ಹಳೆಯದು ಹತ್ತನೇ ಒಂದು ಪಾಲಿದ್ದದ್ದು ಮೂರನೆಯ ವಾರಕ್ಕೆ ಬರೀ ಮಣ್ಣಿನ ಕುಂಡವನ್ನು ಹಿಂದೆ ಹಾಕಿತು. ಇದನ್ನು ನೋಡಲು ಯಾವ ವೀಕ್ಷಕರೂ ಇರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಇದು ಸೋಲಿನಿಂದ ಗೆದ್ದ ಕಥೆಯಾಗುತ್ತಿತ್ತು. ಆದರೆ ನಾನು ಬರೆಯಲು ಕುಳಿತದ್ದು ಇನ್ನೊಂದು ಕಾರಣಕ್ಕೆ.

ಐದನೆಯ ವಾರದವರೆಗೆ ನನ್ನ ಪ್ರತಿಫಲನ ದಿನಚರಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ಮೂರು ಸಲ ಬರೆದಿದ್ದೆ: 'ಹುಳು ಸಾಕಣೆಯಲ್ಲಿ ವಿಶೇಷ ಆಸಕ್ತಿ ತೋರುತ್ತಿದ್ದಾಳೆ.' ಯಾವ ದಿನ ಹೋದರೂ ಬಕೆಟ್ಟಿನ ಹತ್ತಿರ ಅವಳಿರುತ್ತಿದ್ದಳು. ಒಂದು ಗುರುವಾರ ಆ ದಿನದ ಸರದಿ ಅವಳ ಗುಂಪಿನದಲ್ಲ ಎಂದು ನೆನಪಾಗಿ, ಮೈದಾನದಲ್ಲಿ ಆಡುತ್ತಿದ್ದ ಸರದಿಯ ಹುಡುಗನನ್ನು ಕರೆದು ಕೇಳಿದೆ. ಅವನು ಯಾವ ಅಳುಕೂ ಇಲ್ಲದೆ, 'ಅವಳಿಗೆ ರೂಢಿ ಇದೆ ಮಿಸ್' ಎಂದ. ಆ ಹುಡುಗಿಯ ತಾಯಿ ಪೌರಕಾರ್ಮಿಕರು. ಆರು ಗುಂಪಿನ ಮಕ್ಕಳೂ ಜಗಳವಿಲ್ಲದೆ, ನನಗೆ ಕೇಳಿಸದಂತೆ, ಹುಳು ಮುಟ್ಟುವ ಕೆಲಸ ಯಾರದೆಂದು ತೀರ್ಮಾನ ಮಾಡಿಕೊಂಡಿದ್ದರು. ಜಾತಿ ಎಂಬ ಪದವನ್ನು ಯಾರೂ ಆಡಿರಲಿಲ್ಲ. ನಾನು ಅದಕ್ಕೆ ಆಸಕ್ತಿ ಎಂದು ಹೆಸರಿಟ್ಟು ದಿನಚರಿಯಲ್ಲಿ ಬರೆದುಕೊಂಡಿದ್ದೆ.

ಆ ರಾತ್ರಿ ಮೊದಲು ಹೊಳೆದದ್ದು ಅವಳನ್ನೇ ಬಕೆಟ್ಟಿನ ನಾಯಕಿ ಮಾಡಿಬಿಡೋಣ, ಗೌರವ ಸಿಗುತ್ತದೆ ಎಂದು. ಬೆಳಗ್ಗೆ ಯೋಚಿಸಿದಾಗ ಅದು ತರಗತಿಯ ತೀರ್ಮಾನಕ್ಕೆ ನಾನೇ ಮುದ್ರೆ ಒತ್ತಿದಂತೆ ಎನ್ನಿಸಿತು. ಭಾಷಣ ಮಾಡಲಿಲ್ಲ, ಆ ಹುಡುಗನನ್ನು ಎಲ್ಲರೆದುರು ನಿಲ್ಲಿಸಲೂ ಇಲ್ಲ. ಹೊಸ ಸರದಿ ಪಟ್ಟಿ ಬರೆದು ಮೊದಲ ಹೆಸರು ನನ್ನದೇ ಹಾಕಿದೆ, ಉಳಿದವು ಹಾಜರಾತಿ ಸಂಖ್ಯೆಯ ಪ್ರಕಾರ. ಮಾರ್ಗದರ್ಶಕ ಶಿಕ್ಷಕರು ಪಟ್ಟಿಯನ್ನು ಓದಿ, ಏನೂ ಹೇಳದೆ ಪೆನ್ನು ತೆಗೆದು ತಮ್ಮ ಹೆಸರನ್ನು ಎರಡನೆಯದಾಗಿ ಸೇರಿಸಿದರು. ಬರಿಗೈಯಲ್ಲಿ ಹುಳುಗಳನ್ನು ಎತ್ತಿ ತೋರಿಸಿದೆ. ಇಬ್ಬರು ಹುಡುಗರು ವಾಕರಿಸಿದರು. ಒಬ್ಬಳ ತಾಯಿ ಮರುದಿನ ಬಂದು ಮಗಳನ್ನು ಶಾಲೆಗೆ ಕಳಿಸುವುದು ಓದಲಿಕ್ಕೆ ಎಂದರು. ಅವರಿಗೆ ಎಂಟನೆಯ ತರಗತಿಯ ಪಾಠವನ್ನು ತೋರಿಸಿದೆ, ಸೋಪನ್ನೂ ತೋರಿಸಿದೆ. ಒಪ್ಪಿದರೆಂದು ಹೇಳಲಾರೆ, ಮಗಳು ಸರದಿ ತಪ್ಪಿಸಲಿಲ್ಲ. ಆ ಹುಡುಗಿಯನ್ನು ನಿನಗೇನು ಇಷ್ಟ ಎಂದು ಕೇಳಿದಾಗ ಥರ್ಮಾಮೀಟರ್ ಬೇಕೆಂದಳು. ಹೊರಗೆ 29 ಡಿಗ್ರಿ ಇದ್ದಾಗ ಹುಳುಗಳ ರಾಶಿಯ ನಡುವೆ 38 ಇತ್ತು. ತಿನ್ನುವ ರಾಶಿ ತಾನೇ ಬಿಸಿಯಾಗುತ್ತದೆ ಎಂದು ಅವಳ ಪುಸ್ತಕದ ಅಂಕಿಗಳಿಂದಲೇ ತರಗತಿಗೆ ಗೊತ್ತಾಯಿತು.

ಕಸ ಬೇರ್ಪಡಿಸುವಿಕೆ, ಜೈವಿಕ ವಿಘಟನೆ, ಸ್ವಚ್ಛತೆ ಇವುಗಳನ್ನು ನಾವೆಲ್ಲ ಬೋಧಿಸುತ್ತೇವೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕಸ ಹುಟ್ಟುವಲ್ಲೇ ಬೇರ್ಪಡಿಸಬೇಕು ಎಂದು ಬರೆಸುತ್ತೇವೆ. ಆದರೆ ಯಾರ ಕೈ ಬೇರ್ಪಡಿಸುತ್ತದೆ ಎಂಬ ಪ್ರಶ್ನೆ ಚಾರ್ಟಿನ ಮುಂದೆ ಏಳುವುದೇ ಇಲ್ಲ, ಏಕೆಂದರೆ ಚಾರ್ಟಿನಲ್ಲಿರುವ ಹುಳುವನ್ನು ಯಾರೂ ಮುಟ್ಟಬೇಕಾಗಿಲ್ಲ. ಅಸಹ್ಯವನ್ನು ನಾವು ಶಿಸ್ತಿನ ಸಮಸ್ಯೆ ಎಂದುಕೊಳ್ಳುತ್ತೇವೆ: 'ಛೀ' ಎಂದವರನ್ನು ಸುಮ್ಮನಿರಿಸಿ ಮುಂದೆ ಹೋಗುತ್ತೇವೆ. ಅಸಹ್ಯ ಎಲ್ಲ ಮಕ್ಕಳಿಗೂ ಸಮವಾಗಿ ಹಂಚಿರುವುದಿಲ್ಲ, ಅದನ್ನು ನುಂಗಿಕೊಳ್ಳುವ ಬಾಧ್ಯತೆಯಂತೂ ಇನ್ನೂ ಇಲ್ಲ. ಇದನ್ನು ನನಗೆ ಶಿಕ್ಷಣದ ಸಮಾಜಶಾಸ್ತ್ರದ ಪತ್ರಿಕೆ ಕಲಿಸಿತ್ತು. ಆದರೂ ಬಕೆಟ್ಟಿನ ಮುಂದೆ ಮೂರು ವಾರ ನನಗೆ ಕಾಣಲಿಲ್ಲ.

ವಿರೋಧಗಳಿವೆ, ಗೊತ್ತು. ಸೋಂಕಿನ ಭಯ ಸುಳ್ಳಲ್ಲ. ಹುಳು ತಿಂದ ಮಾತ್ರಕ್ಕೆ ರೋಗಾಣುಗಳೆಲ್ಲ ಸಾಯುವುದಿಲ್ಲ, ಅದಕ್ಕೇ ಸೋಪು, ಅದಕ್ಕೇ ಹಿಕ್ಕೆಯನ್ನು ಕಳಿಯಲು ಬಿಡುವುದು. ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ಇರುವವರು ಬಕೆಟ್ಟು ಇಡಲಾರರು ಎಂಬುದೂ ನಿಜ. ಹಾಗಾದರೆ ಕಾಲೇಜಿನ ಪ್ರಯೋಗಾಲಯದ ಹಿಂದೆ ಒಂದಿರಲಿ, ಬೇಕಾದವರು ಅಲ್ಲಿಂದ ಒಂದು ಹಿಡಿ ಹುಳು ಒಯ್ಯಲಿ. 40 ನಿಮಿಷದ ಅವಧಿಗೆ ಇದು ಹೊಂದುವುದಿಲ್ಲ ಎಂಬ ಮಾತಿಗೆ ಮಾತ್ರ ನನ್ನ ತಕರಾರಿದೆ. ಬಿ.ಇಡ್. ಎರಡು ವರ್ಷವಾದದ್ದು, ಶಾಲಾ ಇಂಟರ್ನ್‌ಶಿಪ್ 16 ವಾರವಾದದ್ದು ಬಿಡಿ ಪಾಠಗಳ ಸಂಖ್ಯೆ ತುಂಬಿಸಲಿಕ್ಕಲ್ಲ ಎಂದುಕೊಂಡಿದ್ದೇನೆ. ರಚನಾವಾದಿ ಪಾಠಯೋಜನೆ ಎಂದು ಮೇಲೆ ಬರೆದು, ಕೆಳಗೆ ಮಕ್ಕಳ ಉತ್ತರವನ್ನು ನಾವೇ ಮೊದಲೇ ಬರೆದಿಡುತ್ತಿದ್ದೇವೆ.

ಹಾಗಾಗಿ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯ ವೀಕ್ಷಣಾ ಪಾಠಗಳಲ್ಲಿ ಒಂದನ್ನಾದರೂ ಎರಡು ಭಾಗವಾಗಿ ನೋಡಿ: ಒಮ್ಮೆ ಬಂದು, ಮೂರು ವಾರ ಬಿಟ್ಟು ಅದೇ ತರಗತಿಗೆ, ಅದೇ ಘಟಕಕ್ಕೆ ಮತ್ತೆ ಬನ್ನಿ. ಮೊದಲ ದಿನ ಪ್ರಯೋಗ ಕೈಕೊಟ್ಟಿದ್ದರೆ ಆಮೇಲೆ ಏನಾಯಿತೆಂದು ಕೇಳಿ, ಅಂಕ ಅದಕ್ಕೆ ಕೊಡಿ. ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆ ಬಳಕೆಗಳ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಕೈಯಿಂದ ಮಾಡುವ ಕೆಲಸವನ್ನು ಯಾರು ಮಾಡಿದರು, ಯಾರು ನಿಂತು ನೋಡಿದರು. ನನ್ನ ಪಾಠಕ್ಕೆ ಆ ಸಾಲು ಇದ್ದಿದ್ದರೆ ವೀಕ್ಷಕರಿಗಾದರೂ ಅದು ಎರಡನೆಯ ವಾರವೇ ಕಾಣುತ್ತಿತ್ತೇನೋ.

ನನ್ನ ಇಂಟರ್ನ್‌ಶಿಪ್ ಮುಗಿದಿದೆ. ಬಕೆಟ್ಟು ಶಾಲೆಯಲ್ಲೇ ಇದೆ. ಪಟ್ಟಿಯಿಂದ ನನ್ನ ಹೆಸರನ್ನು ಮಕ್ಕಳು ಹೊಡೆದುಹಾಕಿಲ್ಲವಂತೆ. ಬರುವ ಶನಿವಾರ ನನ್ನ ಸರದಿ, ಬೆಳಗಿನ ಬಸ್ಸಿಗೆ ಹೋಗಬೇಕು.