ಹದಿನಾಲ್ಕು ದಿನಗಳ ದಡ

ಕೇರಳದ ಕೆಟ್ಟುವಳ್ಳಂ ಭತ್ತ ಹೊರುವುದಕ್ಕೆ ಹುಟ್ಟಿದಂತೆ ಇಂಗ್ಲೆಂಡಿನ ನ್ಯಾರೋಬೋಟ್ ಕಲ್ಲಿದ್ದಲು ಹೊರುವುದಕ್ಕೆ ಹುಟ್ಟಿದ ದೋಣಿ. ಅಗಲ ಏಳು ಅಡಿಯೊಳಗೆ, ಉದ್ದ ಮಾತ್ರ ಎಪ್ಪತ್ತು ಅಡಿಯವರೆಗೂ ಇರಬಹುದು. ಇಂದು ಅದು ಹಲವರಿಗೆ ರಜೆಯ ವಾಹನ, ಇನ್ನು ಹಲವರಿಗೆ ಮನೆ. ನಾನು ಬರೆಯಹೊರಟಿರುವುದು ಈ ಎರಡನೆಯವರ, ಅದರಲ್ಲೂ ಅವರ ಮಕ್ಕಳ ವಿಷಯವನ್ನು.

ಬ್ರಿಸ್ಟಲ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನಾವು ನಾಲ್ಕು ದಿನಗಳ ಮಟ್ಟಿಗೆ ಇಂಥದೊಂದು ದೋಣಿಯನ್ನು ಬಾಡಿಗೆಗೆ ಪಡೆದು, ಬ್ರ್ಯಾಡ್‌ಫರ್ಡ್ ಎಂಬ ಊರಿನಿಂದ ಹೊರಟು ಬಾತ್ ನಗರದ ಮೂಲಕ ಏವನ್ ನದಿಗೆ ಇಳಿದೆವು. ಮಗನ ಕೈಗೆ ಚುಕ್ಕಾಣಿ, ನನ್ನ ಪಾಲಿಗೆ ಲಾಕ್‌ಗಳ ತೂಬು ತಿರುಗಿಸುವ ಕೆಲಸ. ಲಾಕ್ ಎಂದರೆ ನೀರಿನ ಮೆಟ್ಟಿಲು. ದೋಣಿ ಒಳಹೊಕ್ಕ ಮೇಲೆ ಬಾಗಿಲು ಮುಚ್ಚಿ, ತೂಬು ತೆರೆದು, ನೀರಿನೊಂದಿಗೇ ದೋಣಿಯನ್ನು ಇಳಿಸಬೇಕು ಅಥವಾ ಏರಿಸಬೇಕು. ಬಾತ್ ನಗರದಲ್ಲಿ ಹತ್ತೊಂಬತ್ತು ಅಡಿಗೂ ಮಿಕ್ಕಿ ಆಳವಿರುವ ಒಂದು ಲಾಕ್ ಇದೆ. ಅದರೊಳಗೆ ಇಳಿಯುವಾಗ ಹಳೆಯ ಬಾವಿಯೊಳಗೆ ಕುಳಿತಂತಾಗುತ್ತದೆ. ಅಲ್ಲಿಂದ ಹೊರಬಿದ್ದರೆ ನದಿ. ಕಾಲುವೆಯ ನೀರು ನಿಂತ ನೀರು, ನಾವು ಹೇಳಿದಂತೆ ಕೇಳುತ್ತದೆ. ನದಿ ಹಾಗಲ್ಲ, ಅದಕ್ಕೆ ಸೆಳೆತವಿದೆ, ಒಡ್ಡುಗಳಿವೆ, ಮಳೆ ಸುರಿದರೆ ದೋಣಿ ಕಟ್ಟಿ ಕಾಯಲೇಬೇಕು. ಲಂಗರು ಇಲ್ಲದೆ ಅಲ್ಲಿಗೆ ಇಳಿಯುವುದು ವಿವೇಕವಲ್ಲ.

ಏವನ್ ಮತ್ತು ಕೆನೆಟ್ ಎಂಬ ಎರಡು ನದಿಗಳನ್ನು ಕಾಲುವೆಯಿಂದ ಬೆಸೆದ ಈ ಜಲಮಾರ್ಗ 1810ರಲ್ಲಿ ಪೂರ್ಣಗೊಂಡಿತು. ರೈಲು ಬಂದ ಮೇಲೆ ಸೊರಗಿ, ಕೊನೆಗೆ ಹೂಳು ತುಂಬಿ ಹಾಳುಬಿದ್ದಿದ್ದ ಅದನ್ನು ದಶಕಗಳ ಕಾಲ ಸ್ವಯಂಸೇವಕರು ದುಡಿದು ಉಳಿಸಿದರು. 1990ರಲ್ಲಿ ರಾಣಿ ಎಲಿಜಬೆತ್ ಮತ್ತೆ ಉದ್ಘಾಟಿಸಿದರು. ಈಗ ಬಾತ್ ಮತ್ತು ಬ್ರ್ಯಾಡ್‌ಫರ್ಡ್ ನಡುವೆ ದಡದುದ್ದಕ್ಕೂ ದೋಣಿಮನೆಗಳ ಸಾಲು. ಮನೆ ಬಾಡಿಗೆ ತೆರಲಾರದೆ ಬಂದವರೂ ಉಂಟು, ಒಲಿದು ಬಂದವರೂ ಉಂಟು. ಚಾವಣಿಯ ಮೇಲೆ ಸೌದೆ, ಸೈಕಲ್ಲು, ಹೂಕುಂಡ. ಒಂದು ದೋಣಿಯ ಕಿಟಕಿಯ ಬಳಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕುಳಿತು ಮಗ್ಗಿ ಬರೆಯುತ್ತಿದ್ದಳು. ಆಕೆಯ ತಾಯಿಯೊಡನೆ ಮಾತಿಗೆ ತೊಡಗಿದಾಗ ತಿಳಿದದ್ದು: "ಮುಂದಿನ ವಾರ ನಾವು ಇಲ್ಲಿಂದ ಹೊರಡಬೇಕು, ಶಾಲೆ ಮಾತ್ರ ಇಲ್ಲಿಯೇ ಇರುತ್ತದೆ."

1995ರ ಕಾಯಿದೆಯ ಪ್ರಕಾರ, ಸ್ವಂತ ತಂಗುದಾಣವಿಲ್ಲದ ದೋಣಿ ನಿಜವಾಗಿಯೂ ಸಂಚಾರದಲ್ಲಿರಬೇಕು. ಒಂದೆಡೆ ಸತತವಾಗಿ 14 ದಿನಗಳಿಗಿಂತ ಹೆಚ್ಚು ನಿಲ್ಲಕೂಡದು. ಎಷ್ಟು ದೂರ ಸಾಗಬೇಕೆಂಬುದನ್ನು ಕಾಯಿದೆ ಹೇಳುವುದಿಲ್ಲ. 2012ರಲ್ಲಿ ಈ ಜಲಮಾರ್ಗಗಳ ಹೊಣೆ ಹೊತ್ತ 'ಕೆನಾಲ್ ಅಂಡ್ ರಿವರ್ ಟ್ರಸ್ಟ್' ಮಾತ್ರ, ವರ್ಷದ ಸಂಚಾರವೆಲ್ಲ 15-20 ಮೈಲಿಯ ವ್ಯಾಪ್ತಿಯೊಳಗೇ ಮುಗಿದರೆ ತನಗೆ ಒಪ್ಪಿಗೆಯಾಗುವುದು ಕಷ್ಟವೆಂದು ಸೂಚಿಸಿತ್ತು. ದೋಣಿಯ ವೇಗಮಿತಿ ಗಂಟೆಗೆ ನಾಲ್ಕು ಮೈಲಿ. ಕಟ್ಟಿದ ದೋಣಿಗಳ ಪಕ್ಕದಲ್ಲಿ ಸಾಗುವಾಗ ಅದನ್ನೂ ತಗ್ಗಿಸಬೇಕು. ಇಪ್ಪತ್ತು ಮೈಲಿ ಆಚೆ ದೋಣಿ ಕಟ್ಟಿದ ತಾಯಿ ಬೆಳಗಿನ ಪ್ರಾರ್ಥನೆಯ ವೇಳೆಗೆ ಮಗಳನ್ನು ಶಾಲೆಗೆ ತಲುಪಿಸುವುದು ಹೇಗೆ?

ಟ್ರಸ್ಟಿನ ವಾದದಲ್ಲೂ ಹುರುಳಿದೆ. ಎಲ್ಲರೂ ಒಂದೇ ದಡವನ್ನು ಹಿಡಿದು ಕುಳಿತರೆ ನಮ್ಮಂಥ ದಾರಿಹೋಕರಿಗೆ ಹಗ್ಗ ಕಟ್ಟಲು ಜಾಗ ಸಿಗದು. ಬಾತ್ ಬಳಿ ನಮಗೂ ಸುಲಭವಾಗಿ ಸಿಗಲಿಲ್ಲ. 2027ರಿಂದ ಸರ್ಕಾರದ ಅನುದಾನವನ್ನು ವರ್ಷವರ್ಷವೂ ಇಳಿಸುವ ನಿರ್ಧಾರ 2023ರಲ್ಲೇ ಪ್ರಕಟವಾಯಿತು, ಹಣದ ಮುಗ್ಗಟ್ಟು ನಿಜವೇ. ಆದರೆ 2024ರಿಂದ ತಂಗುದಾಣವಿಲ್ಲದವರ ಪರವಾನಗಿಯ ಮೇಲೆ ಹೆಚ್ಚುವರಿ ಶುಲ್ಕ ಹೇರಿದ್ದು, ಇಲ್ಲದವನ ಜೇಬಿಗೇ ಮೊದಲು ಕೈಹಾಕಿದಂತೆ ನನಗೆ ಕಾಣುತ್ತದೆ.

ಈ ತೊಡಕು ಹೊಸತೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ಹತ್ತಡಿ ಉದ್ದದ ಕೋಣೆಯೊಂದರಲ್ಲಿ ಇಡೀ ಸಂಸಾರ ಹೂಡಿದ ದೋಣಿಗಾರರ ಮಕ್ಕಳಿಗಾಗಿ ಜಾರ್ಜ್ ಸ್ಮಿತ್ ಎಂಬಾತ ಹೋರಾಡಿದ. ಅದರ ಫಲವಾಗಿ 1877ರಲ್ಲಿ ಬಂದ ಕಾಯಿದೆಯು, ದೋಣಿ ನೋಂದಣಿಯಾದ ಊರೇ ಮಗುವಿನ ವಾಸಸ್ಥಳವೆಂದು ಸಾರಿತು. ದೋಣಿಯೋ ಇನ್ನೆಲ್ಲಿಯೋ ಕಲ್ಲಿದ್ದಲು ತುಂಬುತ್ತಿರುತ್ತಿತ್ತು! 1884ರಲ್ಲಿ ತಿದ್ದುಪಡಿ ತಂದರೂ, ಓದುಬರಹವಿಲ್ಲದೆ ಬೆಳೆದ ದೋಣಿಗಾರರು ಇಪ್ಪತ್ತನೆಯ ಶತಮಾನದಲ್ಲೂ ಇದ್ದರು.

ನನ್ನ ತರಗತಿಯಲ್ಲಿಯೂ ಕಬ್ಬು ಕಡಿಯಲು ಹೋಗುವವರ ಮಕ್ಕಳಿದ್ದರು. ದಸರೆ ಕಳೆದರೆ ಹಿಂದಿನ ಬೆಂಚು ಖಾಲಿ. ಯುಗಾದಿಯ ಹೊತ್ತಿಗೆ ಮರಳಿದಾಗ ಭಾಗಾಕಾರ ಮರೆತಿರುತ್ತಿತ್ತು. ಅದನ್ನು ಮತ್ತೆ ಕಲಿಸಬಹುದು. ಗೆಳತಿಯರ ನಡುವೆ ಕಳೆದುಕೊಂಡ ಸ್ಥಾನವನ್ನು ಯಾವ ಮೇಷ್ಟ್ರೂ ಮರಳಿಸಲಾರರು.

ಆದ್ದರಿಂದ ನನ್ನ ಸಲಹೆ ಇಷ್ಟೇ. 1995ರ ಕಾಯಿದೆಯಲ್ಲಿ 14 ದಿನಗಳ ಮಾತಿನ ಬೆನ್ನಿಗೇ, ಸಂದರ್ಭಕ್ಕೆ ಯುಕ್ತವಾದ ಹೆಚ್ಚಿನ ಅವಧಿಗೂ ಅವಕಾಶವಿದೆ. ದೋಣಿ ಕೆಟ್ಟರೆ, ಕಾಯಿಲೆ ಬಿದ್ದರೆ, ಕಾಲುವೆ ಹೆಪ್ಪುಗಟ್ಟಿದರೆ ಅದು ಯುಕ್ತ ಕಾರಣವಾಗಬಹುದಾದರೆ, ಶಾಲೆಯ ಅವಧಿ ಏಕಾಗಬಾರದು? ಮಗು ದಾಖಲಾಗಿರುವ ಶಾಲೆಯಿಂದ ಪತ್ರ ತರಲಿ. ಪಾಠ ನಡೆಯುವ ತಿಂಗಳುಗಳಲ್ಲಿ ಆ ಕುಟುಂಬ ಶಾಲೆಯ ಆಸುಪಾಸಿನ ಒಂಬತ್ತು-ಹತ್ತು ಮೈಲಿಯೊಳಗೇ ಸ್ಥಳ ಬದಲಿಸುತ್ತಿರಲಿ. ಬ್ರ್ಯಾಡ್‌ಫರ್ಡಿನಿಂದ ಬಾತ್ ನಗರದ ಮೊದಲ ಲಾಕಿನವರೆಗೆ ಸರಿಯಾಗಿ ಅಷ್ಟೇ ದೂರ, ನಡುವೆ ಒಂದೂ ಲಾಕ್ ಇಲ್ಲ. ಬೇಸಿಗೆ ರಜೆ ಬಂದಾಗ ಅವರೂ ನಮ್ಮಂತೆ ನದಿಗಿಳಿದು, ಬೇಕಾದಷ್ಟು ದೂರ ಹೋಗಿಬರಲಿ.