ಪ್ಯಾಚ್ ಮಾರೋದಾದ್ರೆ ಲೆಕ್ಕ ಹಾಕಿ ಮಾರೋಣ

ಜಾಕೆಟ್, ಬ್ಯಾಗ್ ಮೇಲೆ ಹೊಲಿಯೋ ಕಸೂತಿ ಪ್ಯಾಚ್ ಮಾಡಿಸಿ ಆನ್‌ಲೈನಲ್ಲಿ ನಮ್ಮವರಿಗೇ ಮಾರೋಣ ಅನ್ನೋ ಮಾತು ನಡೀತಿದೆ. ಖಂಡಿತ ಮಾಡೋಣ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಇವತ್ತಿಗೂ ಬಳ್ಳಾರಿಯಂತೆ ಜೀನ್ಸ್ ಹೊಲಿಯೋ ಊರು. ಹೊಲಿಯೋ ಕೈಗಳಿಗೆ ನಮ್ಮಲ್ಲಿ ಬರವಿಲ್ಲ.

ಬರೀ ಹಳದಿ-ಕೆಂಪು ಬಾವುಟ ಎಲ್ಲಾ ಕಡೆ ಸಿಗುತ್ತೆ. ನಮ್ಮ ಪ್ಯಾಚಲ್ಲಿ ನಮ್ಮ ಗುರುತಿರಲಿ: ರಾಯದುರ್ಗದ ಕೋಟೆ ಬೆಟ್ಟ, ಮಡಕಶಿರಾ ಕಡೆಯ ಹೇಮಾವತಿ, ಅಂದ್ರೆ ನೊಳಂಬರ ರಾಜಧಾನಿ ಹೆಂಜೇರು. ಒಂದು ಎಚ್ಚರ: ಒತ್ತಕ್ಷರ ತೀರಾ ಚಿಕ್ಕದಾದ್ರೆ ದಾರ ತುಂಬಿ ಮುದ್ದೆಯಾಗುತ್ತೆ. ಮೂರಿಂಚಿನ ಪ್ಯಾಚಿಗೆ ಒಂದೇ ಪದ ಸಾಕು, ಅದು ದಪ್ಪಗಿರಲಿ.

ಈಗ ಲೆಕ್ಕ. ಚಿತ್ರವನ್ನ ಕಂಪ್ಯೂಟರ್ ಕಸೂತಿ ಯಂತ್ರ ಓದೋ ಫೈಲ್ ಮಾಡಿಸೋ ಖರ್ಚು ಒಂದೇ ಸಲದ್ದು. ಅದು 600 ರೂಪಾಯಿ ಅಂದುಕೊಳ್ಳಿ. 20 ಪ್ಯಾಚಾದ್ರೆ ತಲಾ 30 ರೂಪಾಯಿ ಬೀಳುತ್ತೆ, 100 ಆದ್ರೆ ತಲಾ 6. ಅದರ ಮೇಲೆ ದಾರ, ಬಟ್ಟೆ, ಹೊಲಿಗೆ ಕೂಲಿ, ಅಂಚೆ ಖರ್ಚು. ಅದಕ್ಕೇ ಮೊದಲು ಆರ್ಡರ್, ಜೊತೆಗೇ ದುಡ್ಡು, ಆಮೇಲೆ ಹೊಲಿಗೆ. ಸಾಲ ಮಾಡಿ ಸಾವಿರ ಪ್ಯಾಚ್ ಹೊಲಿಸಿ ಅಟ್ಟಕ್ಕೆ ಹಾಕಬೇಡಿ. ಬ್ಯಾಂಕಲ್ಲಿ ದಿನಾ ಸಾಲದ ಕಂತು ನೋಡೋನ ಮಾತಿದು.

ಇನ್ನೊಂದು. 'ಕನ್ನಡದ ಕೆಲಸ, ಕಮ್ಮಿಗೆ ಹೊಲಿದುಕೊಡಿ' ಅಂತ ಟೈಲರ್ ಹತ್ರ ಚೌಕಾಸಿ ಬೇಡ. ಅಭಿಮಾನ ನಮ್ಮದು, ಅದರ ಖರ್ಚು ಅವರ ಕೂಲಿಯಿಂದ ಕಳೆಯೋದು ನ್ಯಾಯವಲ್ಲ. ಕನ್ನಡದಿಂದ ಗಡಿಯೂರಿನ ನಾಲ್ಕು ಮನೆಗೆ ಕೆಲಸ ಸಿಕ್ಕಿದ್ರೆ ಮಕ್ಕಳಿಗೂ ಭಾಷೆ ಮೇಲೆ ನಂಬಿಕೆ ಬರುತ್ತೆ.

ನವೆಂಬರ್ 1ಕ್ಕೆ ಪ್ಯಾಚ್ ಕೈಗೆ ಬರಬೇಕಂದ್ರೆ ಸೆಪ್ಟೆಂಬರಲ್ಲೇ ಆರ್ಡರ್ ಪಟ್ಟಿ ಮುಗಿಸಿ. ಯಾವ ಊರಿನ ಗುರುತು ಮೊದಲು ಬೇಕು, ಹೇಳಿ.